ಮೂರನೇ ಸಿಲಿಂಡರು

ಕಡಲಿಗಿಂತ ಮೂರು ಸಾವಿರ ಅಡಿ ಮೇಲಿದೆ ಹಾಸನ.
ನೆಲದ ಮೇಲೆ ನಿಂತಾಗಲೇ ವಿಮಾನಕ್ಕೆ
ಅಷ್ಟು ಗಾಳಿ ಕಡಿಮೆ.
ಮಂಗಳೂರಲ್ಲಿ ಕಲಿತ ಕೈ
ಇಲ್ಲಿ ಪೆಟ್ರೋಲು ಹೆಚ್ಚೇ ಬಡಿಸುತ್ತೆ
ಎಂದರು ಧರಣೇಂದ್ರಯ್ಯ,
ತಗಡಿನ ಶೆಡ್ಡಿನ ಬಾಗಿಲಲ್ಲಿ
ಸ್ಪಾರ್ಕ್ ಪ್ಲಗ್ ಬಿಚ್ಚಿ ಬಿಸಿಲಿಗೆ ಹಿಡಿದು,
ಮಗುವಿನ ನಾಲಿಗೆ ನೋಡುವ ಪಂಡಿತರ ಹಾಗೆ.

ತುದಿಯಲ್ಲಿ ಮಸಿ, ಲಾಟೀನಿನ ಗಾಜಿನದೇ ಮಸಿ:
'ನಿನ್ನೆ ಹೊಟ್ಟೆ ಬಿರಿಯ ತಿನ್ನಿಸಿದ್ದೀಯ.'
ಬಿಳಿಚಿದ್ದರೆ, ಉಪವಾಸ ಹೆಚ್ಚಾಯಿತು.
ಬೇಕಾದದ್ದು ಹುರಿಗಡಲೆ ಹೊಟ್ಟಿನ ಬಣ್ಣ.

ಕೆಂಪು ಗುಂಡಿ. ಒತ್ತಿದರೆ ದಟ್ಟ, ಎಳೆದರೆ ತೆಳು.
'ಎಳೀತಾ ಹೋಗು. ಎಂಜಿನ್ನು ಒಮ್ಮೆ ಎಡವುತ್ತಲ್ಲ,
ಅಲ್ಲಿಂದ ಒಂದು ಕೂದಲು ಹಿಂದೆ ಬಾ.'
ಅಳತೆ?
'ಕಿವಿ. ಮುಳ್ಳು ಆಮೇಲೆ.'

ಏಪ್ರಿಲ್ಲಿನ ಮಧ್ಯಾಹ್ನ, ಹಳೇಬೀಡಿನ ಕೆರೆ ದಾಟಿ ಏರುತ್ತಿದ್ದೆ.
ಮೂರನೇ ಸಿಲಿಂಡರಿನ ಮುಳ್ಳು
ನಾನೂರು. ನಾನೂರಿಪ್ಪತ್ತು. ನಾನೂರ ಮೂವತ್ತೈದು.
ಗುಂಡಿಯನ್ನು ಇನ್ನಷ್ಟು ಎಳೆಯಹೊರಟಿತು ಕೈ.
ಉರಿಯುವ ಬೆಂಕಿಗೆ ತುಪ್ಪ ಸುರಿಯಬಾರದೆಂದು
ಕೇಳುತ್ತಲೇ ಬೆಳೆದ ಕೈ ಅದು.

ರೇಡಿಯೋದಲ್ಲಿ ಅವರು: 'ಸುರಿ.'
ಏನು?
'ತುಪ್ಪ ಸುರಿಯಮ್ಮ. ಮೂಗು ತಗ್ಗಿಸು, ಗಾಳಿ ಬಡೀಲಿ.'

ಸುರಿದೆ. ಗುಂಡಿ ಹಲಗೆಗೆ ತಾಗುವತನಕ.
ಉರಿಯಲು ಸರದಿ ಸಿಗದ ಪೆಟ್ರೋಲು
ಜ್ವರದ ಹಣೆಯ ಮೇಲಿನ ಒದ್ದೆಬಟ್ಟೆಯಾಗಿ
ನಾನೂರ ಹತ್ತು.
ಮುನ್ನೂರ ತೊಂಬತ್ತು.
ಕೆಳಗೆ, ಉತ್ತಿಟ್ಟ ಆಲೂಗಡ್ಡೆ ಹೊಲದ ಮೇಲೆ
ನನ್ನ ನೆರಳಿಗೆ ಮಾತ್ರ ಇನ್ನೂ ಅವಸರ.

'ಇಳಿಯುವಾಗ ನಿಧಾನ. ಬಂಡೆ ಸೀಳುವವರು
ಬೆಂಕಿಯಿಟ್ಟು ತಣ್ಣೀರೆರಚುತ್ತಿದ್ದರು, ಗೊತ್ತಲ್ಲ?'
ಗೊತ್ತಿರಲಿಲ್ಲ. ಹೂಂ ಎಂದೆ.
ಇಷ್ಟಿಷ್ಟೇ ಶಕ್ತಿ ಕಳೆಯುತ್ತ
ಹುಲ್ಲಿಗೆ ಚಕ್ರ ತಾಗಿಸಿದೆ.

ನಿಲ್ಲಿಸಲು ಕೀಲಿಗೆ ಕೈಹಾಕಿದವಳನ್ನು ತಡೆದರು.
'ಹಾಗಲ್ಲ. ಕೆಂಪು ಗುಂಡಿ ಪೂರ್ತಿ ಎಳೆ.
ಒಳಗಿರೋದನ್ನ ಉಂಡು ಮುಗಿಸಿ
ತಾನೇ ನಿಲ್ಲಲಿ.'
ಪ್ರೊಪೆಲ್ಲರು ಎರಡು ಸುತ್ತು ತಿರುಗಿ
ಮೂರನೆಯದರ ನಡುವೆ ಮನಸ್ಸು ಬದಲಿಸಿತು.
'ನಮ್ಮಜ್ಜಿ ಹೋದದ್ದೂ ಹೀಗೇ, ಬೆಳಗೊಳದಲ್ಲಿ.
ಹದಿನೇಳು ದಿನ. ಒಂದು ಮಾತು ಗೊಣಗಲಿಲ್ಲ.'
ನನಗೆ ಏನೂ ಹೇಳಲು ತೋಚಲಿಲ್ಲ.
ಅವರು ಆಗಲೇ ಸ್ಪ್ಯಾನರು ಹುಡುಕುತ್ತಿದ್ದರು.

ಐದೂವರೆ. ಹೊತ್ತು ಮುಳುಗುವ ಮುಂಚೆ ಊಟ ಅವರದು.
ಸೀಮೆಎಣ್ಣೆ, ಸೋಪು, ಮತ್ತೆ ಸೋಪು;
ಉಗುರಿನ ಮಸಿ ಹೋಗಲಿಲ್ಲ.
ಡಬ್ಬಿಯಲ್ಲಿ ಎರಡು ಅಕ್ಕಿರೊಟ್ಟಿ,
ಒಂದನ್ನು ನನ್ನತ್ತ ನೂಕಿದರು.
ತಗಡಿನ ಮುಚ್ಚಳದೊಳಗೆ ಮೂರನೆಯದು
ಟಿಕ್, ಟಿಕ್ ಎಂದು ತಣಿಯುತ್ತಿತ್ತು.
ಅಗಿಯುವುದು ನಿಲ್ಲಿಸಿ ಅವರು
ಅತ್ತ ಒಂದು ಕಿವಿ ಕೊಟ್ಟರು.