ಮೊದ್ಲು ನೀನು

ಹೆಸರೇನೋ ಗಂಗಾ. ನಮ್ಮವ್ವನ ಹೆಸರು.
ಚೊಂಬಿನ ಸದ್ದಾದರೆ ಸಾಕು,
ಮಂಚದ ಕೆಳಗೆ, ಇಲ್ಲವೇ
ಮಂಡಕ್ಕಿ ಚೀಲದ ಹಿಂದೆ
ಎರಡೂವರೆ ವರ್ಷದ ಒಂದು ಉಸಿರು
ಬಿಗಿಹಿಡಿದು ಕೂತಿರುತ್ತದೆ.
ಹೊರಗೆ ಕಾಣುವುದು ಕಾಲಿನ ಹೆಬ್ಬೆರಳು ಮಾತ್ರ.

ಭಾನುವಾರ ನಮ್ಮ ಭಟ್ಟಿ ಅರ್ಧ ದಿನ.
ದಾವಣಗೆರೆಯ ಈ ಸಾಲಿನ ಹೊಗೆ ಇಳಿಯುವ ಹೊತ್ತಿಗೆ
ಲಲಿತಾ ಆಸ್ಪತ್ರೆಯ ಪಾಳಿಗೆ ಹೊರಟಿರುತ್ತಾಳೆ.
ತಲೆಗೆ ಎರೆಯುವುದು ಹಾಗಾಗಿ ನನ್ನ ಪಾಲು.

ಮೊದಲ ಸಲ ಹಿಡಿದೇ ಎರೆದೆ.
ಎಲ್ಲರೂ ಹೇಳಿದ್ದು ಅದನ್ನೇ:
ಗಟ್ಟಿ ಹಿಡಿ, ನಾಲ್ಕು ಚೊಂಬು ಸುರಿ, ಮುಗೀತು.
ಮುಗಿಯಲಿಲ್ಲ.
ಮೂರನೇ ಮನೆಯ ನಸೀಮಾ
ಹಿಟ್ಟಿನ ಕೈಯಲ್ಲೇ ಓಡಿ ಬಂದು
“ಹಾಲೇಶಣ್ಣ, ಕೂಸಿಗೆ ಹೊಡೀತಿದ್ದೀಯೇನು?” ಎಂದಳು.
ನೊರೆ ಮೆತ್ತಿದ ನನ್ನ ಕೈ
ಯಾರದೋ ಕೈಯಂತೆ ಕಂಡಿತು.
ಆಮೇಲೆ ಮೂರು ದಿನ
ಮಗಳು ನನ್ನ ತೊಡೆ ಏರಲಿಲ್ಲ.

ಭತ್ತದ ವಿಷಯ ನನಗೆ ಗೊತ್ತು.
ಹಾಗೇ ತಂದು ಕಾದ ಮರಳಿಗೆ ಸುರಿದರೆ
ಸೀಯುತ್ತದೆ, ಅರಳುವುದಿಲ್ಲ.
ನೆನೆಯಬೇಕು, ಬೇಯಬೇಕು, ಒಣಗಬೇಕು,
ಉಪ್ಪು ಒಳಗಿಳಿಯುವ ತನಕ
ಬೀಡಿ ಸೇದುತ್ತ ಕಾಯಬೇಕು.
ಇಷ್ಟೆಲ್ಲ ತಿಳಿದವನು
ಮಗಳ ನೆತ್ತಿಗೆ ಒಂದೇ ಏಟಿಗೆ ಸುರಿದಿದ್ದೆ.

ಬಕೆಟ್ಟನ್ನು ಬಾಗಿಲ ಮುಂದಿನ ಬಿಸಿಲಿಗೆ ತಂದೆ.
ಒಂದು ವಾರ ಬರೀ ಪಾದ.
ಇನ್ನೊಂದು ವಾರ ಮೊಣಕಾಲು,
ಜೊತೆಗೆ ಪ್ಲಾಸ್ಟಿಕ್ ಗೊಂಬೆಯ ತಲೆಗೆ ಶಾಂಪೂ.
“ನೋಡು, ಅದು ಅಳಲಿಲ್ಲ” ಎಂದೆ.
“ಅದ್ರದ್ದು ಸುಳ್ಳು ಕಣ್ಣು” ಎಂದಳು.
ನನ್ನ ಬಾಯಿ ಕಟ್ಟಿತು.

ಒಂದು ರಾತ್ರಿ ನಿದ್ದೆಗಣ್ಣಲ್ಲಿ:
“ಬಚ್ಚಲ ನೀರು ಎಲ್ಲಿಗೆ ಹೋಗ್ತತಿ?”
ಮೋರಿಗೆ.
“ನಾನೂ ಹೋಗ್ತೀನಾ?”

ಮೂವತ್ತಾರು ವರ್ಷ ಅದರ ಪಕ್ಕದಲ್ಲೇ ಮಿಂದಿದ್ದೇನೆ.
ಆ ತೂತು ನನಗೆ ಕಂಡಿದ್ದು ಆಗಲೇ,
ಕೊನೆಯ ನೀರನ್ನು ಗೊರಗೊರ ಎಳೆದುಕೊಳ್ಳುವ
ಹಲ್ಲಿಲ್ಲದ ಆ ಗಂಟಲು.

ಮುಂದಿನ ಭಾನುವಾರ ಭಟ್ಟಿಯಿಂದ ಬಂದವನೇ
ಹೊಟ್ಟಿನ ಬೂದಿ ಕೂತ ತಲೆಯಲ್ಲಿ
ಚಡ್ಡಿ ಮೇಲೆ ಬಚ್ಚಲಲ್ಲಿ ಕುಕ್ಕರಿಸಿದೆ.
“ಗಂಗವ್ವಾ, ನಂಗೆ ಹೆದ್ರಿಕೆ ಆಗ್ತತಿ. ನೀನೇ ಎರಿ.”

ಹೊಸಿಲಲ್ಲಿ ನಿಂತು ಬಹಳ ಹೊತ್ತು ನೋಡಿದಳು.
ಮೊದಲ ಚೊಂಬು ಗೋಡೆಗೆ ಹೋಯಿತು.
ಎರಡನೆಯದು ಕಿವಿಗೆ.
ಮೂರನೆಯದು ಸರಿಯಾಗಿ ನೆತ್ತಿಗೆ ಬಿದ್ದು
ಮಸಿ ಇಳಿಯಿತು ಎದೆಯ ಮೇಲೆ, ಹೊಟ್ಟೆಯ ಮೇಲೆ.
“ಕರೀ ನೀರು!”
ಕರೀ ನೀರು ತೂತಿನ ಕಡೆ ಹೋಯಿತು.
ಅಪ್ಪ ಹೋಗಲಿಲ್ಲ.
ಬಗ್ಗಿ ನನ್ನ ಕಾಲ್ಬೆರಳು ಮುಟ್ಟಿ ಎಣಿಸಿದಳು,
ಒಂದು, ಎರಡು, ಐದು,
ಎಲ್ಲ ಇದ್ದವು.

ಆಮೇಲೆ ತಾನಾಗಿ ಹತ್ತಿರ ಬಂದಳು.
ಒಂದು ಅಂಗೈಯನ್ನು ನನ್ನ ಹಣೆಗೆ
ಸೂರಿನ ಹಾಗೆ ಅಡ್ಡ ಹಿಡಿದು
“ಕಣ್ಮುಚ್ಚು. ಆತು, ಆತು, ಇನ್ನೊಂದೇ” ಎಂದಳು,
ಲಲಿತಾಳ ದನಿಯಲ್ಲಿ.

ನಮ್ಮವ್ವ ಹೋಗಿ ಹನ್ನೊಂದು ವರ್ಷ.
ಕಟಿಂಗ್ ಅಂಗಡಿಯ ಶೇಖರಪ್ಪನನ್ನು ಬಿಟ್ಟರೆ
ಈ ತಲೆಯನ್ನು ಯಾರೂ ಮುಟ್ಟಿರಲಿಲ್ಲ.
“ಉರೀತಾ?” ಎಂದು ಕೇಳಿದಳು.
ಹೂಂ ಎಂದೆ.
ಮುಚ್ಚಿದ ರೆಪ್ಪೆಗಳ ಮೇಲೆ ಉಫ್ ಉಫ್ ಊದಿದಳು.
ಸೋಪು ಇನ್ನೂ ಹಚ್ಚಿರಲೇ ಇಲ್ಲ.

ಈಗಲೂ ಶಾಂಪೂ ಎಂದರೆ ಮುಖ ಹಿಂಡುತ್ತಾಳೆ.
ಹೋದ ವಾರ ಅರ್ಧಕ್ಕೆ ಎದ್ದು
ನೊರೆ ತಲೆಯಲ್ಲೇ ನಸೀಮಾಳ ಅಡುಗೆಮನೆ ಹೊಕ್ಕು
ರೊಟ್ಟಿ ತಿಂದು ಬಂದಳು.
ಇರಲಿ.
ಭಾನುವಾರ ನನ್ನ ಸೈಕಲ್ ಸ್ಟ್ಯಾಂಡ್ ಹಾಕುವ ಸದ್ದಿಗೆ
ಮಂಚದ ಕೆಳಗೆ ಈಗ ಹೆಬ್ಬೆರಳು ಕಾಣುವುದಿಲ್ಲ.
ಬಚ್ಚಲ ಹೊಸಿಲ ಮೇಲೆ
ತನಗಿಂತ ದೊಡ್ಡ ಚೊಂಬು ತಬ್ಬಿ ನಿಂತಿರುತ್ತಾಳೆ,
ಅಂಗಿ ಬಿಚ್ಚಲೂ ಬಿಡದೆ:
“ಮೊದ್ಲು ನೀನು.”