ನೂರಿಪ್ಪತ್ತು ಡಿಗ್ರಿ

ಭದ್ರಾವತಿ, ಹಳೇನಗರ. ಬಚ್ಚಲಿಗೆ ಒರಗಿದ ನನ್ನ ತಗಡಿನ ಶೆಡ್ಡು.
ಹತ್ತು ಎಂಎಂ ಡ್ರಿಲ್ಲು ಕಿರುಚಿತು, ಹೊಗೆಯಾಡಿತು,
ಕಬ್ಬಿಣಕ್ಕೆ ಇಳಿಯಲಿಲ್ಲ.
“ಒತ್ತಬೇಡ ಸೆಲಿನಾ,” ಎಂದರು ದಸ್ತಗೀರ್ ಮೇಸ್ತ್ರಿ,
“ಹಲ್ಲು ಹೋದವರಿಗೆ ಚಕ್ಕುಲಿ ತಿನ್ನು ಅಂತೀಯಾ?”

ಸಾಣೆ ಹಚ್ಚಿದೆ. ಮೊಣಕೈವರೆಗೆ ಕಿಡಿ.
ಮೊನೆ ನೀಲಿಗಟ್ಟುವ ಮುಂಚೆ ಚೊಂಬಿನ ನೀರು, ಚುಂಯ್,
ಮತ್ತೆ ಸಾಣೆ.
ಕೋನ ಅಳೆಯಲು ಏನೂ ಇರಲಿಲ್ಲ.
ಮೇಸ್ತ್ರಿ ಹೊರಗೆ ಹೋಗಿ ಬಂದರು, ಅಂಗೈಯಲ್ಲಿ ಎರಡು ನಟ್ಟು.
ಮೈಗೆ ಮೈ ತಾಗಿಸಿ ಕಿಟಕಿಗೆ ಹಿಡಿದರೆ
ನಡುವಿನ ಸಂದಿಯೇ ನೂರಿಪ್ಪತ್ತು ಡಿಗ್ರಿ, ಪುಕ್ಕಟೆ.

ಮೊನೆ ಇಟ್ಟೆ. ಎಡಗಡೆ ಕೂದಲೆಳೆ ಬೆಳಕು ಸೋರಿತು.
“ಒಂದು ತುಟಿ ಉದ್ದವಾದರೆ ತೂತು ಸುಳ್ಳು ಹೇಳುತ್ತೆ.
ಹಿಮ್ಮಡಿನೂ ಇಳಿಸು. ಹಿಮ್ಮಡಿ ಎತ್ತರ ಇದ್ದರೆ
ಬರೀ ಉಜ್ಜುತ್ತೆ, ಕೊರೆಯಲ್ಲ.
ಕಾರ್ಖಾನೇಲಿ ಅಂಥ ಆರು ಜನ ಸಾಹೇಬರನ್ನ ಕಂಡಿದೀನಿ.”

ನಾಲ್ಕು ಸಲ ತೇದೆ. ಡ್ರಿಲ್ಲು ಅಕ್ಕಿಕಾಳಿನಷ್ಟು ಗಿಡ್ಡವಾಯಿತು,
ನನ್ನ ಹೆಬ್ಬೆರಳ ಉಗುರು ಕೂಡ.
ಐದನೆಯದಕ್ಕೆ ಬೆಳಕು ನಿಂತಿತು.

ಈಗ ಕಿರುಚಾಟವಿಲ್ಲ.
ಕಬ್ಬಿಣದಿಂದ ಎರಡು ಸುರುಳಿ
ಒಂದೇ ಉದ್ದಕ್ಕೆ, ಎರಡು ಬದಿಗೆ, ಮೇಲೆದ್ದವು.
ತಿರುಗಿ ನೋಡಿದರೆ ಮೇಸ್ತ್ರಿ ಕೈಚಾಚಿ ನಿಂತಿದ್ದರು:
“ನಟ್ಟು ಕೊಡಮ್ಮ.
ಸೈಕಲ್ಲಿನ ಹಿಂಚಕ್ರದವು.”