ಕಂಕುಳ ಹೊಲಿಗೆ

ರಾಯದುರ್ಗದಲ್ಲಿ, ಜಿಪ್ಪು ದಾರದ ಅಂಗಡಿಯ ಮೇಲೆ,
ತಗಡಿನ ಮಾಡಿನ ಪ್ರಾರ್ಥನಾಲಯ.
ಭಾನುವಾರ ಹತ್ತಕ್ಕೆಲ್ಲ ತಗಡು ಟಪಟಪ ಅನ್ನುತ್ತದೆ
ಬಿಸಿಲಿಗೆ ಮೈಮುರಿದು.

"ಚೇತುಲೆತ್ತಂಡಿ" ಅಂತಾರೆ ಪ್ರಭುದಾಸಯ್ಯನವರು.
ಆ ತೆಲುಗನ್ನು ನಾನು ಕನ್ನಡಕ್ಕೆ ತಂದುಕೊಳ್ಳುವಷ್ಟರಲ್ಲಿ
ಮುಂದಿನ ಸಾಲು ಎದ್ದೇಬಿಟ್ಟಿರುತ್ತದೆ, ಬರೀ ಕೈ.
ಎಲ್ಲವೂ ನೀಲಿ.
ಜೀನ್ಸಿನ ಬಣ್ಣ ಸೋಪಿಗೆ ಬಗ್ಗುವುದಿಲ್ಲ,
ಉಗುರಿನ ಬುಡದಲ್ಲಿ ಮನೆ ಮಾಡಿರುತ್ತದೆ.
ಮೇಲಿಂದ ನೋಡಿದರೇ ಗೊತ್ತಾಗಬೇಕು
ಯಾರು ಸೊಂಟಪಟ್ಟಿ, ಯಾರು ಜೇಬು, ಯಾರು ಗುಂಡಿ ಅಂತ.

ನನ್ನದು ಕಾಲಿನ ಒಳಹೊಲಿಗೆ. ದಿನಕ್ಕೆ ನೂರ ಇಪ್ಪತ್ತು ಪೀಸು.
ನಾನು ಕಾಣದ ಊರುಗಳಲ್ಲಿ ಯಾರ್ಯಾರೋ ನಡೆಯುತ್ತಾರೆ
ನನ್ನ ದಾರದ ನಂಬಿಕೆಯ ಮೇಲೆ.
ಇವತ್ತು ನನ್ನದೇ ರವಿಕೆ, ಮದುವೆ ವರ್ಷದ್ದು,
ಬಲಗಂಕುಳಲ್ಲಿ ನಾಲ್ಕು ಬೆರಳು ಬಿಟ್ಟುಕೊಂಡಿದೆ.
ಮೆಟ್ಟಿಲು ಹತ್ತುವಾಗ ಗಾಳಿ ಆಡಿ ತಿಳಿಯಿತು.

ಅದಕ್ಕೇ ಎತ್ತಿದೆ, ಮೊಣಕೈವರೆಗೆ ಮಾತ್ರ,
ಬಸ್ಸಿನಲ್ಲಿ ಚಿಲ್ಲರೆ ಕೇಳುವವಳ ಹಾಗೆ.
ಅಯ್ಯನವರು ನನಗಾಗಿ ಕನ್ನಡಕ್ಕೆ ಇಳಿದರು:
"ಇನ್ನೂ ಮೇಲಕ್ಕಮ್ಮಾ, ದೇವರ ಹತ್ರ ಏನು ನಾಚಿಕೆ?"
ದೇವರ ಹತ್ತಿರ ಯಾರಿಗೆ ನಾಚಿಕೆ ಅಯ್ಯಾ,
ನಾಚಿಕೆ ಹಿಂದಿನ ಸಾಲಿನ ಹತ್ತಿರ.
ನಮ್ಮಮ್ಮನ ಕಲ್ಲುಚರ್ಚಿನಲ್ಲಿ ಕೈ ಜೋಡಿಸಿದರೆ ಸಾಕಿತ್ತು.
ಜೋಡಿಸಿದ ಕೈ ಮನೆಯ ಗುಟ್ಟು ಬಿಡುವುದಿಲ್ಲ.

ಗಿಟಾರು ನಿಂತಿತು. ಕಣ್ಣು ಮುಚ್ಚಿ ಅಂದರು.
ಕಾಯಿಲೆಯವರ ಹೆಸರು ಒಂದೊಂದೇ ಓದತೊಡಗಿದರು.
ಮೂರನೆಯದೋ ನಾಲ್ಕನೆಯದೋ ಹೆಸರಿಗೆ
ಹಿಂದಿನಿಂದ ಒಂದು ಕೈ ಬಂತು,
ಒರಟು, ಮೆಷಿನ್ ಎಣ್ಣೆ ವಾಸನೆಯದು.
ಬಟ್ಟೆಯ ಎರಡು ಅಂಚು ಹುಡುಕಿ ಕೂಡಿಸಿ
ಚಕ್ಕನೆ ಪಿನ್ನು ಹಾಕಿತು.
ಚರ್ಮಕ್ಕೆ ತಾಗಲಿಲ್ಲ.

ತಿರುಗಿದರೆ ಸಮಾಧಾನಮ್ಮ,
ಎರಡೂ ಕೈ ತಗಡು ಮುಟ್ಟುವ ಹಾಗೆ ಮೇಲೆ,
ಕಣ್ಣು ಬಿಗಿಯಾಗಿ ಮುಚ್ಚಿ, ತುಟಿ ಅಲ್ಲಾಡಿಸುತ್ತ.
ಬಳೆಗೆ ಸಿಕ್ಕಿಸಿದ ಪಿನ್ನುಗಳ ಗೊಂಚಲು ಮಾತ್ರ
ಇನ್ನೂ ಸಣ್ಣಗೆ ತೂಗುತ್ತಿತ್ತು.

ಎತ್ತಿದೆ.
ಏನು ಕೇಳಲು ಬಂದಿದ್ದೆನೋ ಮರೆತೇಹೋಯಿತು.
ಚೀಟಿ ದುಡ್ಡಿನದಿತ್ತು, ಮಗನ ಕಿವಿ ಸೋರುವುದಿತ್ತು.
ಬೆವರಿಗೆ ಫ್ಯಾನಿನ ಗಾಳಿ ತಾಗಿತು, ತಣ್ಣಗಾಯಿತು, ಅಷ್ಟೆ.

ಸೋಮವಾರ ಊಟದ ಬೆಲ್ಲಿಗೆ ಪಿನ್ನು ವಾಪಸು ಕೊಡಲು ಹೋದೆ.
"ಯಾವ ಪಿನ್ನೇ?" ಅಂದಳು ಮುದುಕಿ,
ಬುತ್ತಿಯಿಂದ ತಲೆ ಎತ್ತದೆ.
"ನಾನು ಪ್ರಾರ್ಥನೇಲಿದ್ದೆ."